ಬಿರುಗಾಳಿಯ ಕಡಲು ಕಪ್ಪು-ಬಿಳುಪಿನಲ್ಲಿ: ಬೆಳಕನ್ನು ಓದುವ ಪಾಠ

ಕುನ್ನತ್ತೂರಿನಿಂದ ಕಡಲು ಎಷ್ಟು ದೂರ? ನಕ್ಷೆ ತೆಗೆದು ಸ್ಕೇಲ್ ಇಟ್ಟು ನೋಡಿ. ಪಡುವಣ ಕಡಲು ನೇರ ಗೆರೆಯಲ್ಲೇ 150 ಕಿ.ಮೀ.ಗಿಂತ ಹೆಚ್ಚು ದೂರ. ಮೂಡಣ ಕಡಲು ಇನ್ನೂ ಆಚೆ, 200 ಕಿ.ಮೀ. ದಾಟುತ್ತದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಅಲ್ಲಿನ ಎಷ್ಟೋ ಮಕ್ಕಳು ಕಡಲನ್ನು ನೋಡಿರುವುದು ಪ್ರವಾಸದ ಒಂದು ದಿನ ಮಾತ್ರ. "ಹಾಗಿದ್ದ ಮೇಲೆ ಕಡಲಿನ ಫೋಟೋ ತೆಗೆಯುವ ಪಾಠ ನಮಗ್ಯಾಕೆ ಸಾರ್?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಅದಕ್ಕೆ ಎರಡು ಉತ್ತರ ಇವೆ. ಮೊದಲನೆಯದು, ಬಿರುಸಾದ ಕಡಲಿನ ಎದುರು ಪ್ರಯೋಗ ಮಾಡುತ್ತ ನಿಲ್ಲೋಕೆ ಆಗೋದಿಲ್ಲ. ಅಲ್ಲಿ ಹೋಗಿ ಕಲಿಯುವುದಲ್ಲ, ಕಲಿತು ಹೋಗಬೇಕು. ಕಲಿಯುವುದಕ್ಕೆ ಮನೆಯಂಗಳ, ಬಕೆಟ್ಟು, ಬಟ್ಟೆ ತುಂಡು ಸಾಕು. ಎರಡನೆಯ ಉತ್ತರ ಇನ್ನೂ ಮುಖ್ಯ. ಕಪ್ಪು-ಬಿಳುಪು ಫೋಟೋಗಾಗಿ ಬೆಳಕು-ಕತ್ತಲನ್ನು ಓದಲು ಕಲಿತ ಕಣ್ಣು, ಕಡಲದಂಡೆಯಲ್ಲಿ ಅಪಾಯ ಎಲ್ಲಿದೆ ಅನ್ನುವುದನ್ನೂ ಓದಬಲ್ಲದು. ಅದು ಹೇಗೆ ಅಂತ ಪಾಠದ ಕೊನೆಯ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ಗಾಳಿ ಒಂದೇ, ಊರು ಬೇರೆ

ಜೂನ್‌ನಿಂದ ಆಗಸ್ಟ್‌ವರೆಗೆ ಕುನ್ನತ್ತೂರಿನ ಕಡೆ ಮಳೆಗಿಂತ ಗಾಳಿಯೇ ಜೋರು, ಅಲ್ವಾ? ಆಷಾಢದ ಗಾಳಿ ಅನ್ನುತ್ತೇವೆ. ಪಲ್ಲಡಂ, ಉಡುಮಲೈಪೇಟ್ಟೈ ಕಡೆಯ ಗಾಳಿಯಂತ್ರಗಳು ರಭಸದಿಂದ ತಿರುಗುವುದೂ ಆಗಲೇ. ಈ ಗಾಳಿ ಬರುವುದು ಅರಬ್ಬಿ ಕಡಲಿನಿಂದ. ನೀಲಗಿರಿ ಮತ್ತು ಆನೆಮಲೆ ಬೆಟ್ಟಗಳ ನಡುವೆ ಸುಮಾರು 30 ಕಿ.ಮೀ. ಅಗಲದ ಒಂದು ತೆರಪು ಇದೆ. ಅದೇ ಪಾಲಕ್ಕಾಡ್ ಕಣಿವೆ. ನೈಋತ್ಯ ಮಾರುತ ಈ ಬಾಗಿಲಿನಿಂದ ಒಳನುಗ್ಗುತ್ತದೆ. ಅದು ತಂದ ನೀರಿನ ಬಹುಪಾಲು ಪಶ್ಚಿಮಘಟ್ಟದ ಪಡುವಣ ಮಗ್ಗುಲಲ್ಲೇ ಸುರಿದುಹೋಗಿರುತ್ತದೆ. ಆದ್ದರಿಂದ ನಮಗೆ ಸಿಗುವುದು ಗಾಳಿ, ಅವರಿಗೆ ಸಿಗುವುದು ಗಾಳಿ, ಮಳೆ ಎರಡೂ.

ತಿರುಪ್ಪೂರಿನಲ್ಲಿ ಮಂಗಳೂರು ಕಡೆಯ ರೈಲು ಹತ್ತಿದರೆ ಅದು ಇದೇ ಕಣಿವೆಯಲ್ಲಿ ಗಾಳಿಗೆ ಎದುರಾಗಿ ಸಾಗಿ, ಕೋಳಿಕ್ಕೋಡ್, ಕಣ್ಣೂರು ದಾಟಿ ಕಾಸರಗೋಡಿಗೆ ತಲುಪುತ್ತದೆ. ಅದು ಕನ್ನಡ ಶಾಲೆಗಳಿರುವ ಜಿಲ್ಲೆ. ಅಲ್ಲಿ ಕಡಲಿಗೆ ಮುಖಮಾಡಿ ನಿಂತಿರುವುದೇ ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಅಂದರೆ 17ನೇ ಶತಮಾನದ್ದು ಅಂತ ಹೇಳುವ ಈ ಕೋಟೆ ಕೆಂಪು ಮುರಕಲ್ಲಿನದು. ಪುಸ್ತಕದಲ್ಲಿ ಜಂಬಿಟ್ಟಿಗೆ ಅಂತ ಓದಿರುತ್ತೀರಿ, ಅದೇ. ಮುಂಗಾರಿನಲ್ಲಿ ಕೋಟೆಯ ಕೆಳಗೆ ಅಲೆ ಒಡೆಯುತ್ತದೆ, ಮೇಲೆ ಹಸಿರು ಹುಲ್ಲು, ಅದರ ಮೇಲೆ ಬೂದು ಮೋಡ. ನಮ್ಮ ಪಾಠಕ್ಕೆ ಈ ಜಾಗವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಬಣ್ಣ ತೆಗೆದರೆ ಉಳಿಯುವುದೇನು?

ಮೊಬೈಲಿನ ಕ್ಯಾಮೆರಾ ಚಿತ್ರವನ್ನು ಲಕ್ಷಾಂತರ ಚುಕ್ಕೆಗಳಾಗಿ ದಾಖಲಿಸುತ್ತದೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ. ಪ್ರತಿಯೊಂದೂ 0ಯಿಂದ 255ರೊಳಗೆ. ಮೂರೂ 0 ಆದರೆ ಅಚ್ಚ ಕಪ್ಪು, ಮೂರೂ 255 ಆದರೆ ಅಚ್ಚ ಬಿಳುಪು. ಕಪ್ಪು-ಬಿಳುಪು ಮಾಡುವಾಗ ಈ ಮೂರು ಅಂಕಿಗಳನ್ನು ಸೇರಿಸಿ ಒಂದೇ ಅಂಕಿ ಮಾಡಬೇಕು. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುತ್ತದೆ, ನೀಲಿ ಕಡಿಮೆ. ಹಾಗಾಗಿ ಮೂರಕ್ಕೂ ಸಮಪಾಲು ಕೊಡುವುದಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ:

ಬೂದು = 0.30 × ಕೆಂಪು + 0.59 × ಹಸಿರು + 0.11 × ನೀಲಿ

ಈಗ ಬೇಕಲ ಕೋಟೆಗೆ ಹೋಗೋಣ. ಲೆಕ್ಕಕ್ಕೆಂದು ಎರಡು ಬಣ್ಣ ಇಟ್ಟುಕೊಳ್ಳಿ.

ಮುರಕಲ್ಲು: ಕೆಂಪು 150, ಹಸಿರು 75, ನೀಲಿ 55.
ಬೂದು = 45 + 44.25 + 6.05 = ಸುಮಾರು 95.

ಹುಲ್ಲು: ಕೆಂಪು 70, ಹಸಿರು 115, ನೀಲಿ 55.
ಬೂದು = 21 + 67.85 + 6.05 = ಸುಮಾರು 95.

ನೋಡಿದಿರಾ? ಕಣ್ಣಿಗೆ ಕೆಂಪು ಗೋಡೆ ಬೇರೆ, ಹಸಿರು ಹುಲ್ಲು ಬೇರೆ. ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು! ಗೋಡೆ ಎಲ್ಲಿ ಮುಗಿಯಿತು, ಹುಲ್ಲು ಎಲ್ಲಿ ಶುರುವಾಯಿತು ಅಂತ ಗೊತ್ತಾಗೋದೇ ಇಲ್ಲ. ಬಣ್ಣದ ಫೋಟೋ ತೆಗೆದು ಬಣ್ಣ ಅಳಿಸಿದರೆ ಕಪ್ಪು-ಬಿಳುಪು ಚಿತ್ರ ಆಗಿಬಿಡುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಚಿತ್ರವೇನೋ ಆಗುತ್ತದೆ, ಆದರೆ ಅದರಲ್ಲಿ ಕೋಟೆ ಕಾಣದೆ ಹೋಗಬಹುದು.

ಇದಕ್ಕೆ ಪರಿಹಾರ ಸೋಸುಗಾಜು, ಅಂದರೆ ಫಿಲ್ಟರ್. ಮಸೂರದ ಮುಂದೆ ಕೆಂಪು ಗಾಜು ಇಟ್ಟರೆ ಮುಖ್ಯವಾಗಿ ಕೆಂಪು ಬೆಳಕು ಮಾತ್ರ ಒಳಗೆ ಹೋಗುತ್ತದೆ. ಆಗ ಗೋಡೆ 150, ಹುಲ್ಲು 70. ಗೋಡೆ ಬೆಳ್ಳಗೆ, ಹುಲ್ಲು ಕಪ್ಪಗೆ. ಹಸಿರು ಗಾಜು ಇಟ್ಟರೆ ಗೋಡೆ 75, ಹುಲ್ಲು 115. ಈಗ ತಿರುವುಮುರುವು. ಮೊಬೈಲಿನ ಎಡಿಟಿಂಗ್ ಆ್ಯಪ್‌ಗಳಲ್ಲಿ ಕಪ್ಪು-ಬಿಳುಪು ಆಯ್ಕೆಯೊಳಗೆ ಕೆಂಪು, ಹಳದಿ, ಹಸಿರು ಫಿಲ್ಟರ್ ಅಂತ ಕಾಣುವುದು ಇದೇ ಲೆಕ್ಕ. ಅಲ್ಲಿ ಗಾಜಿಲ್ಲ, ಗುಣಾಕಾರ ಇದೆ ಅಷ್ಟೆ.

ಒಂದು ಎಚ್ಚರಿಕೆ. ಕೆಂಪು ಫಿಲ್ಟರ್ ಹಾಕಿದರೆ ಆಕಾಶ ಕಪ್ಪಾಗಿ ಬಿರುಗಾಳಿಯ ಹಾಗೆ ಕಾಣುತ್ತದೆ ಅಂತ ಹೇಳುವುದುಂಟು. ಅದು ನಿಜ ಆಗುವುದು ನೀಲಿ ಆಕಾಶಕ್ಕೆ ಮಾತ್ರ. ನೀಲಿಯಲ್ಲಿ ಕೆಂಪಿನ ಅಂಶ ಕಡಿಮೆ, ಅದಕ್ಕೇ ಕಪ್ಪಾಗುತ್ತದೆ. ಮುಂಗಾರಿನ ಮೋಡದಲ್ಲಿ ಮೂರು ಬಣ್ಣವೂ ಹೆಚ್ಚುಕಡಿಮೆ ಸಮ. ಅಲ್ಲಿ ಯಾವ ಫಿಲ್ಟರ್ ಇಟ್ಟರೂ ಮೋಡ ಮೋಡದ ಹಾಗೇ ಇರುತ್ತದೆ.

ಮಾಡಿ ನೋಡಿ – 1: ದರ್ಜಿ ಅಂಗಡಿಯಿಂದಲೋ ಬನಿಯನ್ ಕಂಪನಿಯಿಂದಲೋ ಬೇರೆ ಬೇರೆ ಬಣ್ಣದ ಹತ್ತು ಬಟ್ಟೆ ತುಂಡು ತನ್ನಿ. ತಿರುಪ್ಪೂರಿನ ಸುತ್ತಮುತ್ತ ಅದಕ್ಕೇನು ಬರ! ಕಣ್ಣನ್ನು ಅರ್ಧ ಮುಚ್ಚಿ, ಅತಿ ಬೆಳ್ಳಗಿನದರಿಂದ ಅತಿ ಕಪ್ಪಗಿನದರವರೆಗೆ ಸಾಲಾಗಿ ಜೋಡಿಸಿ. ಈಗ ಮೊಬೈಲನ್ನು ಕಪ್ಪು-ಬಿಳುಪಿಗೆ ಹಾಕಿ ಫೋಟೋ ತೆಗೆಯಿರಿ. ನಿಮ್ಮ ಸಾಲು ಸರಿ ಇದೆಯೇ? ಎಲ್ಲಿ ತಪ್ಪಿತು? ಹೆಚ್ಚಿನವರು ತಪ್ಪುವುದು ಕಡು ಕೆಂಪು ಮತ್ತು ಹಳದಿಯ ಜಾಗದಲ್ಲಿ. ಎರಡೂ ಕಣ್ಣಿಗೆ ಹೊಡೆಯುವ ಬಣ್ಣಗಳೇ, ಆದರೆ ಹಳದಿಯ ಬೆಳಕು ಬಹಳ ಹೆಚ್ಚು.

ನೊರೆ ಯಾಕೆ ಬಿಳಿ?

ಬಿರುಸಾದ ಕಡಲಿನ ಚಿತ್ರದಲ್ಲಿ ಕಣ್ಣು ಮೊದಲು ಹೋಗುವುದು ನೊರೆಯ ಕಡೆಗೆ. ಕಡಲ ನೀರಿಗೆ ಮುಂಗಾರಿನಲ್ಲಿ ಮಣ್ಣಿನ ಬಣ್ಣ. ನದಿಗಳು ತಂದ ಕೆಸರೂ ಅಲೆ ಕಲಕಿದ ಮರಳೂ ಸೇರಿರುತ್ತವೆ. ಆದರೂ ಅದೇ ನೀರಿನ ನೊರೆ ಬೆಳ್ಳಗೆ ಕಾಣುತ್ತದಲ್ಲ, ಹೇಗೆ?

ನೊರೆ ಅಂದರೆ ಲೆಕ್ಕವಿಲ್ಲದಷ್ಟು ಗುಳ್ಳೆ. ಪ್ರತಿ ಗುಳ್ಳೆಗೂ ತೆಳುವಾದ ನೀರಿನ ಗೋಡೆ. ಬೆಳಕು ಗಾಳಿಯಿಂದ ನೀರಿಗೆ, ನೀರಿನಿಂದ ಗಾಳಿಗೆ ದಾಟುವಾಗಲೆಲ್ಲ ಸ್ವಲ್ಪ ಪ್ರತಿಫಲಿಸುತ್ತದೆ, ಉಳಿದದ್ದು ಬಾಗಿ ಮುಂದೆ ಹೋಗುತ್ತದೆ. ಸಾವಿರಾರು ಗೋಡೆ ದಾಟುವಷ್ಟರಲ್ಲಿ ಬೆಳಕಿನ ಬಹುಪಾಲು ಬಂದ ಕಡೆಗೇ ಹಿಂತಿರುಗಿ ಎಲ್ಲ ದಿಕ್ಕಿಗೂ ಚದುರಿರುತ್ತದೆ. ಈ ಚದುರುವಿಕೆ ಎಲ್ಲ ಬಣ್ಣಕ್ಕೂ ಹೆಚ್ಚುಕಡಿಮೆ ಒಂದೇ. ಗುಳ್ಳೆಯ ಗೋಡೆ ತೀರ ತೆಳು, ಅದರಲ್ಲಿ ಬಣ್ಣ ಹೀರಿಕೊಳ್ಳುವಷ್ಟು ನೀರೇ ಇಲ್ಲ. ಅದಕ್ಕೇ ಬಿಳುಪು. ಗಾಜು ಪಾರದರ್ಶಕ, ಗಾಜಿನ ಪುಡಿ ಬಿಳಿ. ಕಲ್ಲುಸಕ್ಕರೆ ಪಾರದರ್ಶಕ, ಪುಡಿ ಮಾಡಿದರೆ ಬಿಳಿ. ಎಲ್ಲದಕ್ಕೂ ಕಾರಣ ಇದೇ.

ಮಾಡಿ ನೋಡಿ – 2: ಬಣ್ಣದ ಶಾಂಪೂ ಒಂದು ಹನಿ ತೆಗೆದುಕೊಂಡು ಅದರ ಬಣ್ಣ ಬರೆದುಕೊಳ್ಳಿ. ಈಗ ಅದನ್ನು ಬಕೆಟ್ಟಿನ ನೀರಿಗೆ ಹಾಕಿ ಕೈಯಿಂದ ಕಲಕಿ. ನೊರೆಯ ಬಣ್ಣ ಯಾವುದು? ಬಕೆಟ್ಟನ್ನು ನೆರಳಿನಲ್ಲಿಟ್ಟು, ಕಪ್ಪು ಬಟ್ಟೆ ಹಿಂದೆ ಹಿಡಿದು ನೊರೆಯ ಫೋಟೋ ತೆಗೆಯಿರಿ. ನೇರ ಬಿಸಿಲಿನಲ್ಲಿಟ್ಟು ಇನ್ನೊಂದು ತೆಗೆಯಿರಿ. ಯಾವುದರಲ್ಲಿ ಗುಳ್ಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ?

ಕ್ಯಾಮೆರಾ ಮಾಡುವ ಊಹೆ

ಕ್ಯಾಮೆರಾಕ್ಕೆ ನೊರೆ, ಮೋಡ, ಬಂಡೆ ಅಂತ ಗೊತ್ತಿಲ್ಲ. ಅದು ಎದುರಿನ ಬೆಳಕನ್ನು ಅಳೆದು, "ಎಲ್ಲ ಸೇರಿ ಸರಾಸರಿ ನಡು ಬೂದು ಇರಬೇಕು" ಅಂತ ಊಹಿಸುತ್ತದೆ. ಹೆಚ್ಚಿನ ದೃಶ್ಯಗಳಿಗೆ ಈ ಊಹೆ ಸರಿ. ಆದರೆ ಚೌಕಟ್ಟಿನ ತುಂಬ ಬಿಳಿ ಪಂಚೆಯೊಂದೇ ಇದ್ದರೆ? ಅದನ್ನೂ ಬೂದು ಮಾಡುತ್ತದೆ. ತುಂಬ ಕಪ್ಪು ಕೊಡೆಯೊಂದೇ ಇದ್ದರೆ? ಅದನ್ನೂ ಬೆಳ್ಳಗೆ ಮಾಡಿ ಬೂದಿಗೆ ತರಲು ನೋಡುತ್ತದೆ. ಹೊಸ ಮೊಬೈಲುಗಳು ಸ್ವಲ್ಪ ಜಾಣತನ ಕಲಿತಿವೆ, ಆದರೂ ತಪ್ಪುವುದು ನಿಂತಿಲ್ಲ.

ಬಿರುಗಾಳಿಯ ಕಡಲಿನಲ್ಲಿ ಇದು ಎರಡು ತೊಂದರೆ ಕೊಡುತ್ತದೆ. ಚೌಕಟ್ಟಿನ ತುಂಬ ನೊರೆ ಇದ್ದರೆ ಚಿತ್ರ ಮಂಕು ಬೂದಾಗುತ್ತದೆ. ಚೌಕಟ್ಟಿನ ಬಹುಪಾಲು ಕಪ್ಪು ಬಂಡೆಯೂ ಮೋಡವೂ ಇದ್ದು ನೊರೆ ಒಂದು ಮೂಲೆಯಲ್ಲಿದ್ದರೆ, ಕ್ಯಾಮೆರಾ ಬಂಡೆಯನ್ನು ಬೂದಿಗೆ ತರಲು ಹೋಗಿ ನೊರೆಯನ್ನು ಕೆಡಿಸುತ್ತದೆ. ಈ ಎರಡನೆಯದು ದೊಡ್ಡ ನಷ್ಟ. ಯಾಕಂದರೆ 255ರ ಮೇಲೆ ಅಂಕಿ ಇಲ್ಲ. ಲೋಟ ತುಂಬಿದ ಮೇಲೆ ಎಷ್ಟು ನೀರು ಸುರಿದರೂ ಮಟ್ಟ ಅಷ್ಟೇ, ಹೆಚ್ಚಿನದು ಚೆಲ್ಲಿಹೋಗುತ್ತದೆ. ನೊರೆಯ ಚುಕ್ಕೆಗಳೆಲ್ಲ 255 ಆಗಿಬಿಟ್ಟರೆ ಅಲ್ಲಿ ಗುಳ್ಳೆಯೂ ಇಲ್ಲ, ಸುಳಿಯೂ ಇಲ್ಲ, ಬರೀ ಬಿಳಿ ಕಾಗದ. ಆಮೇಲೆ ಯಾವ ಎಡಿಟಿಂಗೂ ಅದನ್ನು ಮರಳಿ ತರಲಾರದು. ಕಪ್ಪಾದ ಭಾಗವನ್ನಾದರೂ ಸ್ವಲ್ಪ ಬೆಳಗಿಸಬಹುದು.

ಆದ್ದರಿಂದ ನಿಯಮ: ಕಡಲಿನ ಮುಂದೆ ಮೊದಲು ನೊರೆಯನ್ನು ಕಾಪಾಡಿ. ಮೊಬೈಲಿನ ಪರದೆಯಲ್ಲಿ ನೊರೆಯ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ನೊರೆಯೊಳಗಿನ ಗೆರೆಗಳು ಕಾಣುವವರೆಗೆ ಬೆಳಕನ್ನು ತಗ್ಗಿಸಿ, ಆಮೇಲೆ ಫೋಟೋ ತೆಗೆಯಿರಿ.

ಮೋಡದ ದಿನ ಒಂದು ಅನುಕೂಲವೂ ಇದೆ. ನೇರ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್. ದಟ್ಟ ಮೋಡ ಕವಿದಾಗ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಬೆಳಕು ಒಂದು ಕಡೆಯಿಂದ ಬಾರದೆ ಇಡೀ ಆಕಾಶದಿಂದ ಬರುವುದರಿಂದ ಕಡು ನೆರಳು ಬೀಳುವುದಿಲ್ಲ. ನಡುವಿನ ಬೂದು ಛಾಯೆಗಳೆಲ್ಲ ಚೆನ್ನಾಗಿ ಸಿಗುತ್ತವೆ. ಬಣ್ಣದ ಫೋಟೋಕ್ಕೆ ಸಪ್ಪೆ ಅನಿಸುವ ದಿನವೇ ಕಪ್ಪು-ಬಿಳುಪಿಗೆ ಒಳ್ಳೆಯ ದಿನ.

ಬೆಳ್ಳಿಯ ಲವಣ ಮತ್ತು 1857ರ ಅಲೆ

ಮೊಬೈಲಿಗೆ ಬಹಳ ಹಿಂದೆ ಫೋಟೋ ಆಗುತ್ತಿದ್ದುದು ಬೆಳ್ಳಿಯ ಲವಣದಿಂದ. ಸಿಲ್ವರ್ ಬ್ರೋಮೈಡ್‌ ಮೇಲೆ ಬೆಳಕು ಬಿದ್ದರೆ ಅದು ಬೆಳ್ಳಿ ಮತ್ತು ಬ್ರೋಮಿನ್ ಆಗಿ ವಿಘಟನೆ ಹೊಂದುತ್ತದೆ. ನಿಮ್ಮ ರಸಾಯನಶಾಸ್ತ್ರದ ಪಾಠದಲ್ಲಿ ಬರುವ ಸಮೀಕರಣ:

2AgBr → 2Ag + Br₂

ಬೆಳ್ಳಿಯ ನುಣ್ಣನೆಯ ಕಣಗಳು ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತವೆ. ಹಾಗಾಗಿ ಬೆಳಕು ಹೆಚ್ಚು ಬಿದ್ದಲ್ಲಿ ಕಪ್ಪು, ಬೀಳದಲ್ಲಿ ಖಾಲಿ. ಇದೇ ನೆಗೆಟಿವ್. ಬೆಳಕು ತಾಗದೆ ಉಳಿದ ಲವಣವನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣದಿಂದ ತೊಳೆದು ತೆಗೆಯುತ್ತಿದ್ದರು. ತೆಗೆಯದಿದ್ದರೆ ಹೊರಗಿನ ಬೆಳಕಿಗೆ ಅದೂ ಕಪ್ಪಾಗಿ ಚಿತ್ರವೇ ಹಾಳು.

ಆಗಿನ ಲವಣಗಳಿಗೆ ಒಂದು ಕೊರತೆ ಇತ್ತು. ಅವು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಹಸಿರಿಗೆ ಕಡಿಮೆ, ಕೆಂಪಿಗೆ ಇಲ್ಲವೇ ಇಲ್ಲ ಅನ್ನುವಷ್ಟು. ಕಡಲಿಗೆ ಸರಿಯಾಗುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಆಕಾಶಕ್ಕೆ ಸರಿಮಾಡಿದರೆ ಕಡಲು ಕಪ್ಪು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕ ಇದಕ್ಕೊಂದು ದಾರಿ ಕಂಡುಕೊಂಡ. 1857ರಲ್ಲಿ ಮೆಡಿಟರೇನಿಯನ್ ಕಡಲ ದಂಡೆಯ ಸೆಟ್ ಎಂಬ ಊರಿನಲ್ಲಿ ದೊಡ್ಡ ಅಲೆಯ ಚಿತ್ರ ಮಾಡುವಾಗ, ಕಡಲಿಗೆ ಒಂದು ಗಾಜಿನ ನೆಗೆಟಿವ್, ಮೋಡಕ್ಕೆ ಇನ್ನೊಂದು ಬಳಸಿದ. ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದಕ್ಕೆ ಇಳಿಸಿದ. ಕಡಲೂ ಸರಿ, ಮೋಡವೂ ಸರಿ.

ಇವತ್ತು ಮೊಬೈಲಿನಲ್ಲಿ ಎಚ್‌ಡಿಆರ್ ಅಂತ ಇರುತ್ತದಲ್ಲ, ಅದರ ಹಿಂದಿನ ಯೋಚನೆಯೂ ಇದೇ. ಕಡಿಮೆ ಬೆಳಕಿನದು, ಹೆಚ್ಚು ಬೆಳಕಿನದು ಅಂತ ಕ್ಷಣಮಾತ್ರದಲ್ಲಿ ಹಲವು ಫೋಟೋ ತೆಗೆದು ಮೊಬೈಲು ತಾನೇ ಕೂಡಿಸುತ್ತದೆ. ಆದರೆ ಆ ಕ್ಷಣದಲ್ಲೇ ಅಲೆ ಮುಂದೆ ಸರಿದಿದ್ದರೆ? ಎರಡು ಅಲೆಗಳ ನೆರಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಹಾಗೆ ಕಂಡರೆ ಎಚ್‌ಡಿಆರ್ ಆರಿಸಿ ಮತ್ತೆ ತೆಗೆಯಿರಿ.

ಅಲೆಯನ್ನು ನಿಲ್ಲಿಸುವುದೋ, ಹರಿಯಲು ಬಿಡುವುದೋ?

ಕ್ಯಾಮೆರಾದೊಳಗೆ ಬೆಳಕು ಬೀಳುವ ಹೊತ್ತನ್ನು ಷಟರ್ ವೇಗ ಅನ್ನುತ್ತಾರೆ. ಸಿಡಿಯುವ ಹನಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ದೂರ = ವೇಗ × ಕಾಲ.

ಷಟರ್ 1/1000 ಸೆಕೆಂಡ್: ಹನಿ ಸರಿಯುವುದು 6 ಮಿ.ಮೀ. ಹನಿ ಹನಿಯಾಗಿಯೇ ನಿಲ್ಲುತ್ತದೆ.
ಷಟರ್ 1/60 ಸೆಕೆಂಡ್: 10 ಸೆಂ.ಮೀ. ಹನಿ ಗೀಟಾಗುತ್ತದೆ.
ಷಟರ್ 1/2 ಸೆಕೆಂಡ್: 3 ಮೀಟರ್. ಹನಿ ಮಾಯ, ಉಳಿಯುವುದು ಹೊಗೆಯಂಥ ಬಿಳುಪು.

ಯಾವುದು ಸರಿ? ಏನು ತೋರಿಸಬೇಕು ಅನ್ನುವುದರ ಮೇಲೆ ಹೋಗುತ್ತದೆ. ಅಲೆಯ ಪೆಟ್ಟು ತೋರಿಸಬೇಕಾದರೆ ಚಿಕ್ಕ ಹೊತ್ತು. ನೀರು ಬಂಡೆಯ ಸುತ್ತ ಹರಿಯುವ ದಾರಿ ತೋರಿಸಬೇಕಾದರೆ ದೊಡ್ಡ ಹೊತ್ತು. ಆದರೆ ಅರ್ಧ ಸೆಕೆಂಡು ತೆಗೆದ ಚಿತ್ರದಲ್ಲಿ ರೌದ್ರ ಕಡಲೂ ಹಾಲಿನ ಕೆನೆಯ ಹಾಗೆ ಶಾಂತವಾಗಿ ಕಾಣುತ್ತದೆ ಅನ್ನುವುದು ನೆನಪಿರಲಿ. ಚೆಂದದ ಚಿತ್ರ, ನಿಜ. ಆದರೆ ಅದನ್ನು ನೋಡಿ "ಕಡಲು ಆವತ್ತು ತಣ್ಣಗಿತ್ತು" ಅಂದುಕೊಂಡರೆ ಮೋಸ ಹೋದ ಹಾಗೆ. ಆದ್ದರಿಂದ ಚಿತ್ರದ ಕೆಳಗೆ ಷಟರ್ ವೇಗ ಬರೆದಿಡುವುದು ಒಳ್ಳೆಯ ಅಭ್ಯಾಸ.

ಮಾಡಿ ನೋಡಿ – 3: ನಲ್ಲಿ ನೀರು ಬಕೆಟ್ಟಿಗೆ ಬೀಳುವುದನ್ನು ಮೊಬೈಲಿನ ಪ್ರೋ ಮೋಡ್‌ನಲ್ಲಿ ಮೂರು ಷಟರ್ ವೇಗದಲ್ಲಿ ತೆಗೆಯಿರಿ. ಉದ್ದನೆಯ ಹೊತ್ತಿಗೆ ಮೊಬೈಲನ್ನು ಕೈಯಲ್ಲಿ ಹಿಡಿಯದೆ ಇಟ್ಟಿಗೆಗೆ ಒರಗಿಸಿ. ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ.

ಎಲ್ಲಿ ನಿಲ್ಲಬೇಕು? ಕಡಲೇ ಹೇಳುತ್ತದೆ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಪ್ರತಿ ಮುಂಗಾರಿನಲ್ಲೂ ಬಂಡೆಯ ಮೇಲೆ ನಿಂತು ಫೋಟೋ ತೆಗೆಯಲು ಹೋಗಿ ನೀರುಪಾಲಾದವರ ಸುದ್ದಿ ಓದುತ್ತೇವೆ. ಅದರಲ್ಲಿ ಒಳನಾಡಿನಿಂದ ಬಂದ ಹುಡುಗರೂ ಇರುತ್ತಾರೆ. ಈಜು ಬಂದರೂ ಅವರಿಗೆ ಗೊತ್ತಿರುವುದು ಕೆರೆ, ಬಾವಿ. ಕಡಲಿನ ನಡೆ ಬೇರೆ.

ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದು ಘನ ಮೀಟರ್ ಕಡಲ ನೀರಿನ ತೂಕ ಸುಮಾರು 1,025 ಕಿಲೋ. ಅಷ್ಟು ತೂಕ ಓಡಿಬಂದು ಮೊಣಕಾಲಿಗೆ ಹೊಡೆದರೆ ಯಾವ ಗಟ್ಟಿಗನೂ ನಿಲ್ಲಲಾರ.

ಕಪ್ಪು-ಬಿಳುಪು ಓದಲು ಕಲಿತ ಕಣ್ಣು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಗುರುತು ನೋಡಿ.

ಒಂದು, ಬಂಡೆಯ ಬಣ್ಣ. ಒಣ ಬಂಡೆ ತಿಳಿ ಬೂದು, ಒದ್ದೆ ಬಂಡೆ ಕಡು ಬೂದು. ಒದ್ದೆಯಾದಾಗ ಮೇಲಿನ ನೀರಿನ ಪದರ ಬೆಳಕನ್ನು ಒಳಗೇ ಮತ್ತೆ ಮತ್ತೆ ಪ್ರತಿಫಲಿಸುತ್ತದೆ, ಕಲ್ಲು ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹೊರಗೆ ಬರುವುದು ಕಡಿಮೆ. ಒದ್ದೆ ಬಟ್ಟೆ ಕಪ್ಪಾಗಿ ಕಾಣುವುದೂ ಇದಕ್ಕೇ. ಆದ್ದರಿಂದ ಮಳೆಯಿಲ್ಲದ ಹೊತ್ತಿನಲ್ಲಿ ಬಂಡೆಯ ಮೇಲೆ ಕಡು ಬೂದು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅಲೆ ಬಂದು ಹೋಗಿದೆ ಅಂತಲೇ ಅರ್ಥ. ಆ ಗೆರೆಯಿಂದ ಬಹಳ ಹಿಂದೆ ನಿಲ್ಲಬೇಕು. ಮಳೆ ಬರುತ್ತಿದ್ದರೆ ಎಲ್ಲ ಬಂಡೆಯೂ ಕಪ್ಪು, ಈ ಗುರುತು ಅಳಿಸಿಹೋಗಿರುತ್ತದೆ. ಆಗ ಬಂಡೆಯ ಹತ್ತಿರವೇ ಸುಳಿಯಬಾರದು.

ಎರಡು, ನೊರೆಯ ನಡುವಿನ ಕಪ್ಪು ದಾರಿ. ಮರಳ ದಂಡೆಯಲ್ಲಿ ಅಲೆಗಳು ಸಾಲಾಗಿ ಬೆಳ್ಳಗೆ ಒಡೆಯುತ್ತಿರುವಾಗ, ನಡುವೆ ಒಂದು ಕಡೆ ನೊರೆಯಿಲ್ಲದೆ ಕಪ್ಪಗೆ, ಸಮಾಧಾನವಾಗಿ ಕಾಣುವ ಪಟ್ಟಿ ಇರುತ್ತದೆ. "ಅಲ್ಲಿ ಅಲೆಯಿಲ್ಲ, ಅಲ್ಲೇ ಇಳಿಯೋಣ" ಅನ್ನಿಸುತ್ತದೆ. ಅದೇ ತಪ್ಪು. ದಂಡೆಗೆ ಬಂದ ನೀರೆಲ್ಲ ಕಡಲಿಗೆ ವಾಪಸ್ ಓಡುವ ದಾರಿ ಅದು, ಕಡಲಿನ ಸೆಳೆತ. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯುವುದಿಲ್ಲ, ಅದಕ್ಕೇ ನೊರೆಯಿಲ್ಲ, ಅದಕ್ಕೇ ಕಪ್ಪು. ಅದರಲ್ಲಿ ಸಿಕ್ಕಿದವರು ದಡಕ್ಕೆ ನೇರ ಈಜಲು ಹೋಗಿ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಬೇಕು. ಈಜಲು ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಎಲ್ಲಕ್ಕಿಂತ ಒಳ್ಳೆಯದು, ಮುಂಗಾರಿನ ಕಡಲಿಗೆ ಇಳಿಯದೇ ಇರುವುದು.

ಇನ್ನೊಂದು ಮಾತು. ಆಕಾಶ ತಿಳಿಯಾಗಿದ್ದ ಮಾತ್ರಕ್ಕೆ ಕಡಲು ಸುಮ್ಮನಿರುತ್ತದೆ ಅಂತ ನಂಬಬೇಡಿ. ತೆಂಕಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿ.ಮೀ. ದಾಟಿ ಬಂದು, ಗಾಳಿಯಿಲ್ಲದ ದಿನವೂ ಕೇರಳದ ದಂಡೆಗೆ ನುಗ್ಗುವುದುಂಟು. ಹೇಳದೆ ಕೇಳದೆ ಬರುವ ಇದನ್ನು ಅಲ್ಲಿನವರು 'ಕಳ್ಳಕ್ಕಡಲ್' ಅನ್ನುತ್ತಾರೆ, ಕಳ್ಳ ಕಡಲು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಅಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುಂಚೆ ಅದನ್ನು ನೋಡಿ. ದಂಡೆಯ ಮೀನುಗಾರರನ್ನೂ ಕೇಳಿ. ಅವರು ದೋಣಿಯನ್ನು ಮೇಲಕ್ಕೆಳೆದಿದ್ದರೆ ನಿಮಗೆ ಬೇರೆ ಉತ್ತರ ಬೇಕಿಲ್ಲ.

ಹಾಗಾದರೆ ಬೇಕಲದಲ್ಲಿ ಎಲ್ಲಿ ನಿಲ್ಲಬೇಕು? ಕೋಟೆಯ ಒಳಗೆ, ಎತ್ತರದಲ್ಲಿ, ಗೋಡೆಯ ಈಚೆ. ಕೋಟೆಯ ನಡುವಿನ ವೀಕ್ಷಣಾ ಗೋಪುರದಿಂದ ಕಡಲು, ದಂಡೆ, ಗೋಡೆ ಮೂರೂ ಕಾಣುತ್ತವೆ. ಗುಡುಗು-ಮಿಂಚು ಇದ್ದರೆ ಅದನ್ನೂ ಬಿಟ್ಟು ಕಟ್ಟಡದೊಳಗೆ ಹೋಗಬೇಕು. ಎತ್ತರದಿಂದ ತೆಗೆದ ಚಿತ್ರ ಕಡಿಮೆಯದು ಅಂತ ತಿಳಿಯಬೇಡಿ. ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1940ರಲ್ಲಿ ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಐದು ಕಪ್ಪು-ಬಿಳುಪು ಚಿತ್ರಗಳ ಒಂದು ಸರಣಿ ಮಾಡಿದ. ಮೇಲಿನಿಂದ ಕೆಳಗೆ ನೋಡುತ್ತ, ನೊರೆ ಮರಳಿನ ಮೇಲೆ ಬರೆಯುವ ಗೆರೆಗಳನ್ನು ಒಂದಾದ ಮೇಲೊಂದು ತೆಗೆದ ಚಿತ್ರಗಳವು. ಅಲೆಯ ಬಾಯಿಗೆ ಹೋಗದೆಯೇ ಅಲೆಯ ನಡೆಯನ್ನು ತೋರಿಸಿದ.

ನಿಲ್ಲುವಾಗ ಈ ನಾಲ್ಕು ನಿಯಮ ಪಾಲಿಸಿ:

1. ಮೊಬೈಲ್ ಹೊರಗೆ ತೆಗೆಯುವ ಮುಂಚೆ ಕಾಲು ಗಂಟೆ ಸುಮ್ಮನೆ ಕಡಲು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಐದು ನಿಮಿಷದ ಶಾಂತಿ ನೋಡಿ ನಂಬಬಾರದು.
2. ಕಡಲಿಗೆ ಬೆನ್ನು ಹಾಕಬೇಡಿ. ಸೆಲ್ಫಿ ಅಂದರೆ ಕಡಲಿಗೆ ಬೆನ್ನು ಹಾಕುವುದೇ.
3. ಒಬ್ಬರು ಫೋಟೋ ತೆಗೆಯುವಾಗ ಇನ್ನೊಬ್ಬರು ಕಡಲನ್ನೇ ನೋಡುತ್ತಿರಲಿ. ಪರದೆ ನೋಡುವವರಿಗೆ ಪಕ್ಕದಿಂದ ಬರುವ ಅಲೆ ಕಾಣುವುದಿಲ್ಲ.
4. ಮೊಬೈಲ್ ಬಿದ್ದರೆ ಬೀಳಲಿ. ಹಿಂದೆ ಹೋಗಬೇಡಿ.

ಇನ್ನು ಮಸೂರದ ಆರೈಕೆ. ಗಾಳಿಯಲ್ಲಿ ತೇಲಿಬರುವ ತುಂತುರು ಮಸೂರದ ಮೇಲೆ ಕೂತು ಒಣಗಿದರೆ ಉಪ್ಪಿನ ಹರಳು ಉಳಿಯುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳಬಹುದು. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಒರೆಸಿ, ಉಪ್ಪು ಕರಗಿದ ಮೇಲೆ ಒಣ ಬಟ್ಟೆ ಬಳಸಿ.

ಫೋಟೋ ದಾಖಲೆಯಾಗಬೇಕಾದರೆ

ಚೆಂದದ ಚಿತ್ರ ಒಂದು ಉಪಯೋಗ. ಇನ್ನೊಂದು ಉಪಯೋಗ ವಿಜ್ಞಾನದ್ದು. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಉಳ್ಳಾಲದಲ್ಲೂ ಕಡಲ್ಕೊರೆತ ಜನರ ಮನೆ, ತೆಂಗಿನ ತೋಟ ತಿನ್ನುವ ಸಮಸ್ಯೆ. ದಂಡೆಯ ಹತ್ತಿರದ ಶಾಲೆಯವರು ಒಂದೇ ಜಾಗದಿಂದ, ಒಂದೇ ಎತ್ತರದಿಂದ, ಒಂದೇ ಚೌಕಟ್ಟಿನಲ್ಲಿ ತಿಂಗಳಿಗೊಂದು ಫೋಟೋ ತೆಗೆದಿಟ್ಟರೆ ವರ್ಷಗಳಲ್ಲಿ ಅದು ಬೆಲೆಯುಳ್ಳ ದಾಖಲೆ.

ಆದರೆ ಒಂದು ಬಲೆ ಇದೆ. ಉಬ್ಬರ-ಇಳಿತದಲ್ಲಿ ನೀರಿನ ಮಟ್ಟ 1 ಮೀಟರ್ ಏರಿತು ಅನ್ನಿ. ದಂಡೆಯ ಇಳಿಜಾರು 20 ಮೀಟರಿಗೆ 1 ಮೀಟರ್ ಆದರೆ, ನೀರಿನ ಅಂಚು 20 ಮೀಟರ್ ಒಳಗೆ ಬಂದಿರುತ್ತದೆ! ಇಳಿತದ ಹೊತ್ತಿನ ಒಂದು ಫೋಟೋ, ಉಬ್ಬರದ ಹೊತ್ತಿನ ಇನ್ನೊಂದು ಪಕ್ಕಪಕ್ಕ ಇಟ್ಟು "ನೋಡಿ, ಕಡಲು 20 ಮೀಟರ್ ನುಂಗಿತು" ಅಂದರೆ ಅದು ಸುಳ್ಳು. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಗಡಿಯಾರ ನೋಡಿ ತೆಗೆದರೆ ಸಾಲದು, ಉಬ್ಬರದ ಪಟ್ಟಿ ನೋಡಿ ತೆಗೆಯಬೇಕು. ನೀರಿನ ಅಂಚಿಗಿಂತ, ಹುಲ್ಲು-ಬಳ್ಳಿ ಶುರುವಾಗುವ ಗೆರೆಯನ್ನು ಹೋಲಿಸುವುದು ಇನ್ನೂ ಒಳ್ಳೆಯದು. ದಿನಾಂಕ, ಹೊತ್ತು, ಉಬ್ಬರವೋ ಇಳಿತವೋ, ನಿಂತ ಜಾಗ ಇಷ್ಟನ್ನೂ ಬರೆಯದ ಫೋಟೋ ನೆನಪಿಗೆ ಸರಿ, ದಾಖಲೆಗೆ ಸಾಲದು.

ಕುನ್ನತ್ತೂರಿನವರು ಇದನ್ನೇ ಊರಿನ ಕೆರೆಯಲ್ಲೋ ಕುಂಟೆಯಲ್ಲೋ ಮಾಡಬಹುದು. ನಿಮಗೆ ಮಳೆ ಹೆಚ್ಚು ಬರುವುದು ಅಕ್ಟೋಬರ್, ನವೆಂಬರಿನ ಹಿಂಗಾರಿನಲ್ಲಿ. ಸೆಪ್ಟೆಂಬರಿನಿಂದ ಜನವರಿಯವರೆಗೆ ತಿಂಗಳಿಗೊಂದು ಕಪ್ಪು-ಬಿಳುಪು ಫೋಟೋ ಸಾಕು. ಒದ್ದೆ ಮಣ್ಣಿನ ಕಡು ಬೂದು ಎಲ್ಲಿಗೆ ಮುಗಿಯುತ್ತದೆ ಅಂತ ಗುರುತಿಸಿ. ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಬೂದು ಛಾಯೆಗಳೇ ಹೇಳುತ್ತವೆ. ಇಲ್ಲಿಯೂ ಏರಿಯ ಮೇಲೆ ನಿಂತೇ ತೆಗೆಯಿರಿ, ಜೊತೆಗೆ ದೊಡ್ಡವರಿರಲಿ.

ಯೋಚಿಸಿ, ಉತ್ತರಿಸಿ

1. ಕೆಂಪು 90, ಹಸಿರು 90, ನೀಲಿ 90 ಇರುವ ಮೋಡಕ್ಕೆ ಕೆಂಪು ಫಿಲ್ಟರ್ ಹಾಕಿದರೆ ಬೂದು ಎಷ್ಟಾಗುತ್ತದೆ? ಹಸಿರು ಫಿಲ್ಟರ್ ಹಾಕಿದರೆ?
2. ಮುರಕಲ್ಲಿನ ಗೋಡೆ ಮಳೆಯಲ್ಲಿ ತೊಯ್ದರೆ ಅದರ ಬೂದು 95ಕ್ಕಿಂತ ಹೆಚ್ಚೋ ಕಡಿಮೆಯೋ? ಆಗ ಹುಲ್ಲಿನಿಂದ ಅದನ್ನು ಬೇರೆ ಮಾಡುವುದು ಸುಲಭವೋ ಕಷ್ಟವೋ?
3. ಹನಿಯ ವೇಗ ಸೆಕೆಂಡಿಗೆ 8 ಮೀಟರ್. ಅದು ಚಿತ್ರದಲ್ಲಿ 1 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಷಟರ್ ವೇಗ ಎಷ್ಟಿರಬೇಕು?
4. ನಾಲ್ಕು ಮೀಟರ್ ಎತ್ತರದ ಅಲೆಯ ಶಕ್ತಿ ಒಂದು ಮೀಟರ್ ಅಲೆಯದಕ್ಕಿಂತ ಎಷ್ಟು ಪಟ್ಟು?
5. ಕಡಲದಂಡೆಯ ಒಂದು ಫೋಟೋದಲ್ಲಿ ಬಿಳಿ ನೊರೆಯ ಎರಡು ಸಾಲುಗಳ ನಡುವೆ ಕಪ್ಪು ಪಟ್ಟಿ ಕಾಣುತ್ತಿದೆ. ನಿಮ್ಮ ತಮ್ಮ ಅಲ್ಲಿಗೆ ಇಳಿಯುತ್ತೇನೆ ಅನ್ನುತ್ತಾನೆ. ಅವನಿಗೆ ಅರ್ಥವಾಗುವ ಹಾಗೆ ನಾಲ್ಕು ವಾಕ್ಯದಲ್ಲಿ ಕಾರಣ ಹೇಳಿ.

ಐದನೆಯ ಪ್ರಶ್ನೆಗೆ ಪುಸ್ತಕ ನೋಡದೆ ಉತ್ತರ ಹೇಳುವವರು ಈ ಪಾಠ ಕಲಿತರು ಅಂತಲೇ ಲೆಕ್ಕ.